ಡ್ರಮ್ ಹನಿ ನೀರಾವರಿ ಕಿಟ್: ನೀರು ಹೊರುವವಳ ಕಡೆಯಿಂದ ಒಂದು ವಿಮರ್ಶೆ

200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಒಂದು ವಾಲ್ವ್, ಒಂದು ಜಾಲರಿ ಫಿಲ್ಟರ್, ಒಂದು ಮುಖ್ಯ ಕೊಳವೆ, ಅದರಿಂದ ಕವಲೊಡೆಯುವ ಸಣ್ಣ ಕರಿ ಪೈಪುಗಳು. ಸಣ್ಣ ಹಿಡುವಳಿಯ ತರಕಾರಿ ಬೆಳೆಗಾರರಿಗೆಂದು ಮಾರುವ ಡ್ರಮ್ ಹನಿ ನೀರಾವರಿ ಕಿಟ್‌ನಲ್ಲಿ ಇರುವುದು ಇಷ್ಟೇ. ಡ್ರಮ್ಮನ್ನು ಸುಮಾರು ಒಂದು ಮೀಟರ್ ಎತ್ತರದ ಕಟ್ಟೆಯ ಮೇಲಿಟ್ಟರೆ ವಿದ್ಯುತ್ತು, ಮೋಟಾರು ಯಾವುದೂ ಇಲ್ಲದೆ ನೀರು ತನ್ನ ಭಾರದಿಂದಲೇ ಗಿಡದ ಬುಡಕ್ಕೆ ಹನಿಯುತ್ತದೆ. ತುಂಡು ನೆಲದಲ್ಲಿ ತರಕಾರಿ ಬೆಳೆಯುವ ಮಹಿಳೆಯರನ್ನು ಮುಂದಿಟ್ಟುಕೊಂಡು ಇದರ ಪ್ರಚಾರ ನಡೆಯುವುದರಿಂದ, ಕಿಟ್ ಎಷ್ಟು ನೀರು ಉಳಿಸುತ್ತದೆ ಎಂಬ ಲೆಕ್ಕದ ಜೊತೆಗೆ, ಆ ನೀರನ್ನು ತಂದು ತುಂಬುವವಳ ದುಡಿಮೆಯನ್ನು ಎಷ್ಟು ಇಳಿಸುತ್ತದೆ ಎಂಬ ಲೆಕ್ಕವನ್ನೂ ಹಾಕಿಯೇ ಇದರ ಬೆಲೆ ಕಟ್ಟಬೇಕು ಎಂಬುದು ನನ್ನ ನಿಲುವು.

ನೀರಿನ ಉಳಿತಾಯದಲ್ಲಿ ಕಿಟ್ ಮಾತು ಉಳಿಸಿಕೊಳ್ಳುತ್ತದೆ. ಕಾಲುವೆಯಲ್ಲಿ ಹಾಯಿಸಿದ ನೀರಿನಲ್ಲಿ ದೊಡ್ಡ ಪಾಲು ಬೇರಿಗೆ ಸಿಗದೆ ಇಂಗಿ, ಆವಿಯಾಗಿ ಹೋದರೆ, ಸರಿಯಾಗಿ ಜೋಡಿಸಿದ ಹನಿ ನೀರಾವರಿಯಲ್ಲಿ ಶೇ 90ರಷ್ಟು ನೀರು ಬೆಳೆಗೇ ಸಲ್ಲುತ್ತದೆ. ಸಾಲುಗಳ ನಡುವಿನ ಮಣ್ಣು ಒಣಗಿಯೇ ಇರುವುದರಿಂದ ಕಳೆ ಕಡಿಮೆಯಾಗುತ್ತದೆ. ಕಳೆ ಕೀಳುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುವುದರಿಂದ ಇದನ್ನು ಸಣ್ಣ ಲಾಭವೆಂದು ನಾನು ತಳ್ಳಿಹಾಕಲಾರೆ. ಪೈಪಿನ ಉದ್ದಕ್ಕೂ ಒಣಹುಲ್ಲಿನ ಹೊದಿಕೆ ಹಾಸಿದರೆ ತೇವ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ತೊಡಕು ಇರುವುದು ಡ್ರಮ್ ತುಂಬುವಲ್ಲಿ. ಬಿಸಿಲುಗಾಲದಲ್ಲಿ ಚೆನ್ನಾಗಿ ಬೆಳೆದ ತರಕಾರಿಗೆ ದಿನಕ್ಕೆ ಒಂದು ಚದರ ಮೀಟರಿಗೆ ಸುಮಾರು 5 ಲೀಟರ್ ನೀರು ಬೇಕು. ಆ ಲೆಕ್ಕದಲ್ಲಿ ಒಂದು ಡ್ರಮ್ ನೀರು 40 ಚದರ ಮೀಟರಿಗೆ ಸಾಕಾದೀತು. ಮಾರಾಟಗಾರರು ಹೇಳುವ 100 ಚದರ ಮೀಟರಿಗೆ ನೀರುಣಿಸಬೇಕಾದರೆ ದಿನಕ್ಕೆ 500 ಲೀಟರ್ ಬೇಕು, ಅಂದರೆ 20 ಲೀಟರಿನ ಕೊಡದಲ್ಲಿ 25 ಕೊಡ. ಮೇಲಾಗಿ ಕಟ್ಟೆಯ ಎತ್ತರಕ್ಕೆ ಡ್ರಮ್ಮಿನ ಎತ್ತರವೂ ಸೇರಿ ಅದರ ಬಾಯಿ ನೆಲದಿಂದ ಎರಡು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಅದು ಹೆಚ್ಚಿನ ಹೆಂಗಸರ ತಲೆಗಿಂತ ಎತ್ತರ. ದೂರದಿಂದ ಹೊತ್ತು ತಂದ 20 ಕಿಲೋ ಭಾರದ ಕೊಡವನ್ನು ಮೆಟ್ಟಿಲು ಹತ್ತಿ, ತಲೆಯ ಮೇಲಕ್ಕೆತ್ತಿ ಸುರಿಯಬೇಕೆಂಬುದನ್ನು ಈ ಕಿಟ್ಟಿನ ವಿನ್ಯಾಸ ಗಣನೆಗೇ ತೆಗೆದುಕೊಂಡಿಲ್ಲ. ಬಸುರಿಯರು, ವಯಸ್ಸಾದವರು, ಸೊಂಟ ನೋವಿರುವವರು ಇದನ್ನು ದಿನವೂ ಮಾಡಲಾರರು. ಹಾಗೆ ಮಾಡಿ ಎನ್ನುವುದು ಅನ್ಯಾಯ.

ಹಾಗಾಗಿ ನೀರನ್ನು ಮೇಲೆತ್ತುವ ಸಾಧನ ಜೊತೆಗಿಲ್ಲದ ಡ್ರಮ್ ಕಿಟ್ಟನ್ನು ನಾನು ಅಪೂರ್ಣ ವಸ್ತುವೆಂದೇ ಪರಿಗಣಿಸುತ್ತೇನೆ. ಬಾವಿಯ ನೀರು ಏಳು ಮೀಟರಿನ ಒಳಗೆ ಸಿಗುವ ಕಡೆ, ಎತ್ತರಕ್ಕೂ ನೀರು ತಳ್ಳಬಲ್ಲ ಕಾಲ್ತುಳಿತದ ಪಂಪು ಸಾಕಾಗುತ್ತದೆ. ಅದಕ್ಕಿಂತ ಆಳವಿದ್ದರೆ ಸೌರ ಪಂಪು ಬೇಕು, ಆ ಖರ್ಚು ಒಬ್ಬಳಿಂದ ಆಗುವಂಥದ್ದಲ್ಲ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಕಲಾಲೆ ಪ್ರದೇಶದಲ್ಲಿ 2007ರಲ್ಲಿ ಮಹಿಳಾ ಗುಂಪುಗಳಿಗಾಗಿ ಕಟ್ಟಿದ ಸೌರ ತರಕಾರಿ ತೋಟಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದೊಂದು ಗುಂಪಿನ ಮೂವತ್ತಕ್ಕೂ ಹೆಚ್ಚು ಹೆಂಗಸರು ಸುಮಾರು ಅರ್ಧ ಹೆಕ್ಟೇರ್ ತೋಟವನ್ನು ಹಂಚಿಕೊಂಡು ಬೆಳೆದರು. ಪಂಪು ನೀರನ್ನು ಎತ್ತರದ ತೊಟ್ಟಿಗೆ ತುಂಬಿಸಿತು, ತೊಟ್ಟಿಯಿಂದ ಹನಿ ಪೈಪಿಗೆ ನೀರು ತಾನಾಗಿ ಇಳಿಯಿತು. ಬಿಸಿಲು ಏರಿದಷ್ಟೂ ಬೆಳೆಯ ದಾಹವೂ ಏರುತ್ತದೆ, ಪಂಪಿನ ಕೆಲಸವೂ ಏರುತ್ತದೆ. ಹೀಗಾಗಿ ಬ್ಯಾಟರಿಯ ಗೊಡವೆಯೇ ಬೇಕಾಗುವುದಿಲ್ಲ.

ಜೋಡಣೆ ಕಷ್ಟವಲ್ಲ, ಆದರೆ ನೆಲ ಸಮತಟ್ಟಾಗಿರಬೇಕು. ಒಂದು ಮೀಟರ್ ಎತ್ತರದಿಂದ ಸಿಗುವ ಒತ್ತಡ ಬಹಳ ಕಡಿಮೆಯಾದ್ದರಿಂದ, ಪಾತಿಯಲ್ಲಿ ಒಂದು ಗೇಣು ಏರುತಗ್ಗು ಇದ್ದರೂ ತಗ್ಗಿನ ಗಿಡಕ್ಕೆ ನೀರು ಹೆಚ್ಚಾಗಿ ಏರಿನ ಗಿಡ ಬಾಡುತ್ತದೆ. ಪೈಪಿನ ಸಾಲು ಹತ್ತು ಹದಿನೈದು ಮೀಟರಿಗಿಂತ ಉದ್ದವಾದರೂ ಇದೇ ಗತಿ. ಕೆರೆಯ ನೀರೋ ಹೊಂಡದ ನೀರೋ ಆದರೆ ಡ್ರಮ್ಮಿಗೆ ಬಟ್ಟೆಯಲ್ಲಿ ಸೋಸಿಯೇ ಸುರಿಯಬೇಕು. ಫಿಲ್ಟರನ್ನು ಬಿಚ್ಚಿ ತೊಳೆಯುತ್ತಿರಬೇಕು. ಪೈಪುಗಳ ತುದಿಯ ಮುಚ್ಚಳ ತೆಗೆದು ಕೆಸರನ್ನು ಆಗಾಗ ಹರಿಯಬಿಡಬೇಕು. ಇಷ್ಟು ಮಾಡದಿದ್ದರೆ ಒಂದೇ ಹಂಗಾಮಿನಲ್ಲಿ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಕಿಟ್ ಹಾಕಿಕೊಡುವ ದಿನ ಈ ವಿವರಗಳನ್ನೆಲ್ಲ ಮನೆಯ ಗಂಡಸರಿಗೆ ಹೇಳಿ ಹೋದರೆ ಪ್ರಯೋಜನವಿಲ್ಲ. ನೀರು ನಿಂತಾಗ ಪೈಪಿನ ಮುಂದೆ ಕೂರುವವಳು ಅವಳು. ಫಿಲ್ಟರನ್ನು ಅವಳ ಕೈಯಿಂದಲೇ ಒಮ್ಮೆ ಬಿಚ್ಚಿಸಿ ಮತ್ತೆ ಹಾಕಿಸಬೇಕು.

ಕಿಟ್ಟಿನ ಇನ್ನೊಂದು ಗುಣ ನನಗೆ ಬಹಳ ಮೆಚ್ಚುಗೆಯಾಗಿದೆ: ಇದನ್ನು ಬಿಚ್ಚಿಕೊಂಡು ಹೋಗಬಹುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಜಗತ್ತಿನ ಕೃಷಿ ಹಿಡುವಳಿದಾರರಲ್ಲಿ ಮಹಿಳೆಯರು ಶೇ 15ಕ್ಕಿಂತ ಕಡಿಮೆ. ತನ್ನ ಹೆಸರಿನಲ್ಲಿ ನೆಲವಿಲ್ಲದವಳು ಬಾವಿ ತೋಡಿಸಲು, ತೊಟ್ಟಿ ಕಟ್ಟಿಸಲು ಹಿಂಜರಿಯುವುದು ಸಹಜ, ಏಕೆಂದರೆ ನೆಲ ಕೈತಪ್ಪಿದ ದಿನ ಅವೂ ಕೈತಪ್ಪುತ್ತವೆ. ಪೈಪು ಸುತ್ತಿ ಡ್ರಮ್ ಎತ್ತಿಕೊಂಡರೆ ಈ ಬಂಡವಾಳ ಅವಳದಾಗಿಯೇ ಉಳಿಯುತ್ತದೆ.

ಪಂಪು ಇದ್ದು, ನೀರು ಹತ್ತಿರವಿರುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಕೊಡದಲ್ಲೇ ಹೊರಬೇಕಾದವರಿಗೆ ಇದು ಬೇಡ; ಅವರು 20 ಲೀಟರಿನ ಬಕೆಟ್ ಕಿಟ್ಟನ್ನೋ, ಗಿಡಗಳ ನಡುವೆ ಹೂಳುವ ಹೊಳಪು ಲೇಪನವಿಲ್ಲದ ಮಣ್ಣಿನ ಮಡಕೆಗಳನ್ನೋ ನೋಡಲಿ. ಎರಡನ್ನೂ ತುಂಬಲು ಮೆಟ್ಟಿಲು ಹತ್ತಬೇಕಿಲ್ಲ. ಡ್ರಮ್ ಕಿಟ್ಟನ್ನೇ ಕೊಳ್ಳುವುದಾದರೆ ಹೆಚ್ಚುವರಿ ವಾಷರ್, ಫಿಲ್ಟರಿನ ಜಾಲರಿ ಮತ್ತು ಜೋಡಿಸುವ ಸಣ್ಣ ತುಣುಕುಗಳನ್ನು ಅಂದೇ ಕೇಳಿ ತೆಗೆದುಕೊಳ್ಳಿ. ಬೇಸಿಗೆಯ ನಡುವೆ ಒಂದು ವಾಷರಿಗಾಗಿ ಕಾಯುವಷ್ಟು ದಿನ ತರಕಾರಿ ಗಿಡ ತಡೆಯುವುದಿಲ್ಲ.