ಬೆಂಗಳೂರು ಎಫ್‌ಸಿ: 11 ವರ್ಷ ಬಳಸಿದ ಬೆಳಗಾವಿ ಗಿರಾಕಿಯ ರಿವ್ಯೂ

ನೋಡ್ರಿ, ಮಿಕ್ಸರ್ ತಂದ ಎರಡನೇ ದಿನಾನೇ ಐದು ಸ್ಟಾರ್ ಒತ್ತೋ ಮಂದಿ ಇರ್ತಾರ, ನಾ ಆ ಪೈಕಿ ಅಲ್ಲ. 11 ವರ್ಷ ಬಳಸಿದ ಮ್ಯಾಲ ಬರಿಯಾಕತ್ತೇನಿ. ಬಳಸಿದ್ದು ಬೆಂಗಳೂರು ಎಫ್‌ಸಿ. ಫುಟ್‌ಬಾಲ್ ಟೀಮಿಗೆ ಯಾರರ ಹಿಂಗ ರಿವ್ಯೂ ಬರೀತಾರೇನ್ರಿ ಅಂತ ನಮ್ಮಾಕಿ ನಗಾಕತ್ತಾಳ, ಆದ್ರ ವಾಷಿಂಗ್ ಮಷೀನಿಗಿಂತ ಜಾಸ್ತಿ ರೊಕ್ಕಾ ಇದಕ್ಕ ಹೋಗೇತಿ, ನಿದ್ದಿ ಕೆಟ್ಟದ್ದಂತೂ ಲೆಕ್ಕಾನೇ ಇಲ್ಲ, ಹಂಗಾಗಿ ನನಗ ಹಕ್ಕ ಐತಿ. ಮೊದಲ ಒಂದ ಮಾತ ಹೇಳಿಬಿಡ್ತೇನಿ, ನಾ ಇರೋದು ಟಿಳಕವಾಡಿ ಕಡೆ. ಬೆಂಗಳೂರು ಇಲ್ಲಿಂದ 500 ಕಿಲೋಮೀಟರ್. ಗೋವಾದ ಮಡಗಾಂವ ಅಂದ್ರ ಘಾಟ ಇಳದು ಮೂರ್ನಾಲ್ಕ ತಾಸು. ಈ ಲೆಕ್ಕಾ ನೆನಪ ಇಟ್ಕೋರಿ, ಮುಂದ ಬೇಕಾಗ್ತೈತಿ.

ಇದರ ಮೊದಲ ನಾ ಬಳಸ್ತಿದ್ದದ್ದು ಗೋವಾದ ಡೆಂಪೋ ಕ್ಲಬ್ಬು. ಬೆಳಗಾವ್ಯಾಗ ಫುಟ್‌ಬಾಲ್ ಹುಚ್ಚ ಹಿಡದವರಿಗೆ ಆಗ ಬೆಂಗಳೂರು ಲೆಕ್ಕಕ್ಕಽ ಇರಲಿಲ್ಲ. ಲೇಲೆ ಗ್ರೌಂಡಿನ್ಯಾಗ ಆಡಿ ಬಂದು ಚಾ ಕುಡಕೋತ ಮಾತಾಡೋದೆಲ್ಲಾ ಡೆಂಪೋ, ಸಾಲಗಾಂವ್ಕರ್, ಚರ್ಚಿಲ್ ಬ್ರದರ್ಸ್. ಡೆಂಪೋ ಅಂದ್ರ ಭಾರಿ ಬ್ರ್ಯಾಂಡ್ ಅದು, 2005ರಿಂದ 2012ರೊಳಗ ಐದ ಸಲ ದೇಶದ ಚಾಂಪಿಯನ್, ಅರ್ಮಾಂಡೋ ಕೊಲಾಸೋ ಕೋಚ್, ಮುಂದ ರಾಂಟಿ ಮಾರ್ಟಿನ್ಸ್, ಅವಗ ಬಾಲ್ ಕೊಡಾಕ ಬೆಟೋ. ರಾಂಟಿ ಗೋಲ್ ಹೊಡಿಯೋದು ನಮ್ಮವ್ವ ರೊಟ್ಟಿ ಬಡದಂಗ, ನೋಡೂದ್ರಾಗ ಒಂದಾತು, ಎರಡಾತು, ಬುಟ್ಟಿ ತುಂಬಿತು. ಮುಂದ ಬೆಂಗಳೂರು ಟೀಮಿಗೆ ಬಂದ ಸುನಿಲ್ ಛೇತ್ರಿನೂ 2009-10ರಾಗ ಅಲ್ಲೇ ಇದ್ದ, ಆದ್ರ ಖರೇ ಹೇಳ್ಬೇಕಂದ್ರ ಆಗ ನಾ ಅವನ್ನ ಅಷ್ಟ ಗಮನಿಸಿರಲಿಲ್ಲ, ರಾಂಟಿ ಇದ್ದಾಗ ಮತ್ತೊಬ್ಬನ್ನ ಯಾರ ನೋಡ್ತಾರ.

2014ರ ಏಪ್ರಿಲ್ 21, ಸೋಮವಾರ. ಆಫೀಸಿಗೆ ಹೊಟ್ಟಿನೋವು ಅಂತ ಹೇಳಿ ಮಡಗಾಂವಕ್ಕ ಹೋದೆ, ಅಲ್ಲೆ ನಮ್ಮ ಸೋದರಮಾವನ ಮಗ ಕೆಲಸಕ್ಕಿದ್ದ. ಫಾತೋರ್ಡಾ ಸ್ಟೇಡಿಯಂನಾಗ ಡೆಂಪೋ ಮ್ಯಾಚು, ಎದುರಿಗೆ ಹಿಂದಿನ ವರ್ಷ ಹುಟ್ಟಿದ ಒಂದ ಬೆಂಗಳೂರ ಟೀಮು. ನಾ ಕುಂತಿದ್ದು ಡೆಂಪೋ ಕಡೆ. ಆ ಕಡೆ ನೀಲಿ ಅಂಗಿಯವರದೊಂದ ಗುಂಪು, ಅವರಾಗ ಒಬ್ಬಾಂವ ಎದ್ದು "ಲೋ ರೆಫ್ರಿ, ಕಣ್ಣ್ ಕಾಣ್ಸಲ್ವೇನೋ" ಅಂತ ಒದರಿದ ನೋಡ್ರಿ, ಫಾತೋರ್ಡಾದಾಗ ಕನ್ನಡ ಬೈಗುಳ ನಾ ಕೇಳಿದ್ದು ಅದಽ ಮೊದಲು. ಮೈಯಾಗ ಏನೋ ಒಂಥರಾ ಆತು. ಬೆಂಗಳೂರು 4-2 ಗೆದ್ದು, ಆಡಿದ ಮೊದಲನೇ ಐ-ಲೀಗಿನ್ಯಾಗಽ (ಆಗಿನ ದೇಶದ ದೊಡ್ಡ ಲೀಗು) ಚಾಂಪಿಯನ್. ವಾಪಸ್ ಬರೋ ಮುಂದ ಬಸ್ಸಿನ್ಯಾಗ ನನಗ ಸಿಟ್ಟ ಬರಬೇಕಿತ್ತು, ಬರಲೇ ಇಲ್ಲ. ಡೆಂಪೋ ಮುಂದಿನ ಸೀಸನ್ನಿಗೆ ಕೆಳಗಿನ ಲೀಗಿಗೆ ಬಿತ್ತು, 2016ರಾಗ ಡೆಂಪೋ, ಸಾಲಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ ಕೂಡಿ ನಮಗ ಐ-ಲೀಗಽ ಬ್ಯಾಡ ಅಂತ ಎದ್ದ ಹೋದ್ವು. ಹಳೇ ಅಂಗಡಿ ಬಾಗ್ಲಾ ಹಾಕೋದ್ರೊಳಗ ನಾ ಹೊಸಾ ಅಂಗಡ್ಯಾಗ ಉದ್ರಿ ಖಾತಿ ತಗದಿದ್ದೆ ಅನ್ರಿ.

ಮೊದಲಿನ ಮೂರ ವರ್ಷ ಮಾಲು ಅಂದ್ರ ಮಾಲು. ಆಶ್ಲಿ ವೆಸ್ಟ್‌ವುಡ್ ಕೋಚ್. ಹಿಂದ ಜಾನ್ ಜಾನ್ಸನ್ ಮತ್ತ ಕೀನ್ಯಾದ ಕರ್ಟಿಸ್ ಒಸಾನೊ, ಇವರಿಬ್ಬರು ನಿಂತ್ರ ಸುಗ್ಗ್ಯಾಗ ಕಬ್ಬಿನ ಟ್ರ್ಯಾಕ್ಟರ್ ರಸ್ತೆಕ್ಕ ಅಡ್ಡ ನಿಂತಂಗ, ಬಾಜೂಕ ಸೈಕಲ್ ದಾಟಾಕೂ ಜಾಗಾ ಇಲ್ಲ. ನಡುವ ಯೂಜೀನ್‌ಸನ್ ಲಿಂಗ್ಡೋ. ನನ್ನ ಕೇಳಿದ್ರ ಈ ಕ್ಲಬ್ಬಿಗೆ ಬಂದ ಆಟಗಾರರಾಗ ಛೇತ್ರಿ ಬಿಟ್ರ ಲಿಂಗ್ಡೋನಽ, ಆಮ್ಯಾಲ ಬಂದ ವೆನೆಜುವೆಲಾದ ಮಿಕು ಅನ್ನವ್ರು ಅಂದ್ಕೋಲಿ. ಅವನ ಕಾಲಾಗ ಬಾಲ್ ಇದ್ರ ನನ್ನ ಬಿಪಿ ಇಳೀತಿತ್ತು, ಗಡಿಬಿಡಿ ಅನ್ನೋದಽ ಇಲ್ಲ ಮನಷ್ಯಾಗ. 2015ರ ಜನವರ್ಯಾಗ ಫೆಡರೇಶನ್ ಕಪ್ ಫೈನಲ್, ಮತ್ತ ಫಾತೋರ್ಡಾ, ಮತ್ತ ಡೆಂಪೋ, ಮತ್ತ ನಾವ ಗೆದ್ವಿ, 2-1. ಆ ಸಲ ನಾ ಕುಂತದ್ದು ನೀಲಿ ಕಡೆ, ಮಾವನ ಮಗ ಮಾತ ಬಿಟ್ಟ ಎರಡ ತಿಂಗಳ.

ಅದಽ ವರ್ಷ ಮೇ 31ಕ್ಕ ಮೊದಲನೇ ಪೆಟ್ಟು. ಕಂಠೀರವದಾಗ ಕೋಲ್ಕತ್ತಾದ ಮೋಹನ್ ಬಗಾನ್ ಜೋಡಿ ಕಡೀ ಮ್ಯಾಚು, ಗೆದ್ರ ಐ-ಲೀಗ್ ನಮ್ದು, ಅವರಿಗೆ ಡ್ರಾ ಆದ್ರ ಸಾಕು. ಜಾನ್ಸನ್ ಗೋಲ್ ಹೊಡದ, ಇನ್ನೇನ್ ಮುಗೀತು ಅಂತ ನಾ ದೋಸ್ತರಿಗೆ ಕುಂದಾ ತರಾಕ ಹೇಳಿದ್ದೆ, 87ನೇ ನಿಮಿಷಕ್ಕ ಬೆಲ್ಲೋ ರಸಾಕ್ ತಲಿಲೇ ಹೊಡದು 1-1. ಕುಂದಾ ಬಂತು. ಯಾರೂ ಮುಟ್ಟಲಿಲ್ಲ. ಮರುದಿನ ಆಫೀಸಿಗೆ ಒಯ್ದು ಹಂಚಿದ್ನಿ, ಏನ್ರಿ ಸಿಹಿ ಸುದ್ದಿ ಅಂತ ಎಲ್ಲಾರೂ ಕೇಳವ್ರು.

2016ರಾಗ ಲೀಗ್ ಮತ್ತ ಬಂತು, ಆದ್ರ ಆ ವರ್ಷ ನೆನಪ ಇರೋದು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿಗೆ. ಆಲ್ಬರ್ಟ್ ರೋಕಾ ಬಂದಿದ್ದ ಕೋಚ್ ಆಗಿ. ಅಕ್ಟೋಬರ್ 19ರ ಸೆಮಿಫೈನಲ್ ನಾ ಇನ್ನೂ ಆಗಾಗ ಫೋನಿನ್ಯಾಗ ಹಾಕ್ಕೊಂಡ ನೋಡ್ತೇನಿ. ಮಲೇಷ್ಯಾದ ಜೊಹೋರ್, ಹಿಂದಿನ ವರ್ಷದ ಚಾಂಪಿಯನ್, ಅವರಽ ಮೊದಲ ಗೋಲ್ ಹೊಡದ್ರು, ಆಮ್ಯಾಲ ಛೇತ್ರಿ ಎರಡು, ಹುವಾನನ್ ಒಂದು, 3-1. ಭಾರತದ ಕ್ಲಬ್ ಒಂದು ಆ ಫೈನಲ್ಲಿಗೆ ಹೋಗಿದ್ದು ಅದಽ ಮೊದಲು. ಫೈನಲ್ ದೋಹಾದಾಗ, ಗೋಲ್‌ಕೀಪರ್ ಅಮರಿಂದರ್ ಸಸ್ಪೆಂಡ್ ಆಗಿದ್ದ, ಇರಾಕಿನ ಏರ್‌ಫೋರ್ಸ್ ಟೀಮ್ ಒಂದಽ ಗೋಲಿಲೇ ಗೆದ್ತು. ಸೋತದ್ದಕ್ಕ ಬ್ಯಾಸರ ಆಗಲಿಲ್ಲ ಆ ಸಲ. ಈ ಪ್ರಾಡಕ್ಟು ಇಷ್ಟ ದೂರ ಹೋಗ್ತೈತಿ ಅಂತ ಡಬ್ಬಿ ಮ್ಯಾಲ ಬರದಿರಲಿಲ್ಲ ನೋಡ್ರಿ.

ಬ್ಯಾಸರ ಅಂದ್ರ 2018. ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೊದಲ ವರ್ಷ, ಲೀಗಿನ್ಯಾಗ ನಾವಽ ಮೊದಲು, ಮಿಕು 15 ಗೋಲು, ಛೇತ್ರಿ 14, ಬಾಜೂಕ ಉದಾಂತ ಸಿಂಗ್ ಓಡಿದ್ರ ಲೈನ್ಸ್‌ಮನ್ನಿಗೆ ದಮ್ ಹತ್ತೋದು. ಫೈನಲ್ ಮಾರ್ಚ್ 17, ಅದೂ ಕಂಠೀರವದಾಗ. ಮರುದಿನ ಯುಗಾದಿ. ಹಬ್ಬದ ಮುಂಚಿನ ದಿನ ಎಲ್ಲಿಗಿ ಹೊಂಟಿ ಅಂತ ನಮ್ಮವ್ವ ಕೇಳಿದ್ಲು, ಕಂಪನಿ ಕೆಲಸ ಅಂದೆ. ಕಂಠೀರವದಾಗ ಸುತ್ತಲೂ ಓಡೋ ಟ್ರ್ಯಾಕ್ ಐತಿ, ಹಂಗಾಗಿ ಆಟಗಾರರು ಸ್ವಲ್ಪ ದೂರ ಕಾಣ್ತಾರ, ಆದ್ರ ಆ ವೆಸ್ಟ್ ಬ್ಲಾಕಿನ ಗದ್ಲದಾಗ ನಿಂತ್ರ ದೂರ ಗೀರ ಏನೂ ಅನ್ಸಂಗಿಲ್ಲ. 9ನೇ ನಿಮಿಷಕ್ಕ ಛೇತ್ರಿ ನೆಲಕ್ಕ ಬಿದ್ದು ತಲಿಲೇ ಹೊಡದ, ನನ್ನ ಬಾಜೂಕಿನವ ಯಾರೋ ಏನೋ, ನನ್ನ ಎತ್ತಿಬಿಟ್ಟ. ಆಮ್ಯಾಲ ಚೆನ್ನೈಯಿನ್‌ನವರು ಎರಡ ಕಾರ್ನರು, ಮೈಲ್ಸನ್ ಆಲ್ವಿಸ್ ಎರಡೂ ಸಲ ತಲಿಲೇ. ಒಂದಽ ನಮೂನಿ ಗೋಲ್ ಒಬ್ಬನಽ ಕಡಿಂದ ಎರಡ ಸಲ ತಿಂದ್ರ ಏನ್ ಹೇಳೂದು. 2-3 ಸೋತ್ವಿ. ರಾತ್ರಿ ಪ್ರೈವೇಟ್ ಬಸ್ ಹಿಡದು ಮುಂಜಾನೆ ಮನಿಗೆ ಬಂದ್ರ ಅವ್ವ ಬೇವಿನ ವಾಟಗ ಹಿಡಕೊಂಡ ಬಾಗಲಾಗ ನಿಂತಾಳ, "ಕುಡಿ, ಬೆಲ್ಲ ಮುಂದ ಮಾಡಿ ಹಾಕೇನಿ" ಅಂದ್ಲು. ಬೆಲ್ಲದ್ದೇನೂ ರುಚಿ ಗೊತ್ತಾಗಲಿಲ್ಲ ನನಗ.

ಬೆಲ್ಲ ಸಿಕ್ಕಿದ್ದು ಒಂದ ವರ್ಷ ಬಿಟ್ಟು, ಅದಽ ತಾರೀಖು, ಮಾರ್ಚ್ 17, 2019, ಮುಂಬೈದಾಗ, ಎಫ್‌ಸಿ ಗೋವಾ ವಿರುದ್ಧ. ಇಲ್ಲೆ ನಮ್ಮ ಫ್ರೆಂಡ್ಸ್ ಅರ್ಧಕ್ಕರ್ಧ ಎಫ್‌ಸಿ ಗೋವಾ ಮಂದಿ, ಒಂದಽ ಟಿವಿ ಮುಂದ ಎರಡ ಪಾರ್ಟಿ. ಎಕ್ಸ್ಟ್ರಾ ಟೈಮಿನ್ಯಾಗ ಅವರ ಜಾಹೂಗೆ ರೆಡ್ ಕಾರ್ಡ್, 117ನೇ ನಿಮಿಷಕ್ಕ ದಿಮಾಸ್ ದೆಲ್ಗಾದೋ ಕಾರ್ನರ್ ಹಾಕಿದ, ರಾಹುಲ್ ಭೇಕೆ ತಲಿ ಕೊಟ್ಟ. ಕಾರ್ನರಿಂದ ಕಳಕೊಂಡದ್ದು ಕಾರ್ನರಿಂದಽ ಬಂತು. ಚಹಾದ ಬಿಲ್ಲು ಎಫ್‌ಸಿ ಗೋವಾದವ್ರು ಕೊಟ್ರು, ಎರಡ ಡಜನ್ ಚಾ ಆಗಿತ್ತು.

ಆಮ್ಯಾಲ ಕ್ವಾಲಿಟಿ ಇಳೀತು, ಸುಳ್ಳ ಯಾಕ ಹೇಳ್ಲಿ. 2020-21ರಾಗ ಏಳನೇ ನಂಬರು, ನಡುವಽ ಕೋಚ್ ಕಾರ್ಲೆಸ್ ಕ್ವಾದ್ರಾತನ್ನ ಕಳಿಸಿದ್ರು. ಚಲೋ ಚಲೋ ಪಾರ್ಟು ಒಂದೊಂದಽ ಬಿಚ್ಚಿ ಹೋದ್ವು, ಭೇಕೆ ಮುಂಬೈಗೆ, ಆಶಿಕ್ ಕೋಲ್ಕತ್ತಾಕ್ಕ, ಆಮ್ಯಾಲ ಉದಾಂತ ಹೋಗಿದ್ದು ಎಲ್ಲಿಗಿ ಅಂದ್ರ ಎಫ್‌ಸಿ ಗೋವಾಕ್ಕ, ಆ ದಿನ ನನ್ನ ಫೋನು ಬಂದ್ ಇಟ್ಟಿದ್ದೆ. 2022ರ ಡುರಾಂಡ್ ಕಪ್ ಗೆದ್ದದ್ದು ಖುಷಿನಽ. 2023ರ ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ಗೋಡಿ ಕಟ್ಟೋದ್ರೊಳಗ ಛೇತ್ರಿ ಫ್ರೀ ಕಿಕ್ ಹೊಡದಬಿಟ್ಟ, ಅವರ ಟೀಮ್ ಸಿಟ್ಟಾಗಿ ಮೈದಾನ ಬಿಟ್ಟಽ ಹೋತು. ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ನಡೀತಾವ. ನಾನಂತೂ ರೂಲಿನ್ಯಾಗ ಐತಿ ಅಂತೇನಿ, ನಮಗ ಯಾರರ ಹಂಗ ಹೊಡದಿದ್ರ ಏನ್ ಅಂತಿದ್ನಿ ಅನ್ನೋದು ಬ್ಯಾರೆ.

ಮತ್ತ ಆ ಸೀಸನ್ನಿನ ಫೈನಲ್ ಎಲ್ಲಿ? ಫಾತೋರ್ಡಾ! ಮಾರ್ಚ್ 18, ಶನಿವಾರ. ನಾಲ್ಕ ಮಂದಿ ಕಾರಿನ್ಯಾಗ ಖಾನಾಪುರ, ರಾಮನಗರ, ಅನಮೋಡ ಘಾಟ ಇಳದು ಹೋದ್ವಿ, ಬುತ್ತಿ ಕಟ್ಕೊಂಡು, ಜಾತ್ರಿಗೆ ಹೋದಂಗ. ಬಗಾನ್ ಒಂದು, ಛೇತ್ರಿ ಪೆನಾಲ್ಟಿ ಒಂದು, ರಾಯ್ ಕೃಷ್ಣ ತಲಿಲೇ ಎರಡನೇದು, 12 ನಿಮಿಷ ಉಳದಿತ್ತು, ಕಪ್ ಕಾಣಾಕತ್ತಿತ್ತು ಕಣ್ಣಿಗೆ, ಅಷ್ಟ್ರಾಗ ಅವರಿಗೆ ಮತ್ತ ಪೆನಾಲ್ಟಿ, ಪೆಟ್ರಾಟೋಸ್ ಹಾಕಿದ. ಶೂಟೌಟ್‌ನಾಗ 3-4. ವಾಪಸ್ ಘಾಟ ಏರೋ ಮುಂದ ಕಾರಿನ್ಯಾಗ ಯಾರೂ ಪಿಟಕ್ ಅನ್ಲಿಲ್ಲ, ಬುತ್ತಿ ಬಿಚ್ಚಲೇ ಇಲ್ಲ, ಮೊಸರನ್ನ ಹುಳಿ ಬಂದಿತ್ತು. ನಾಲ್ಕ ದಿನಕ್ಕ ಯುಗಾದಿ. ಈ ಸಲ ನಾನಽ ಕೇಳಿ ಕುಡದೆ ಬೇವು.

ಈಗ ಮುಖ್ಯ ದೋಷ ಹೇಳ್ತೇನಿ. ಇದು ಒಂದಽ ಮೋಟಾರಿನ ಮಷೀನು. ಆ ಮೋಟಾರು ಸುನಿಲ್ ಛೇತ್ರಿ. 2013ರಿಂದ ಅದಽ ಓಡಾಕತ್ತೈತಿ. 2023-24ರಾಗ 12 ಟೀಮಿನ್ಯಾಗ 10ನೇ ನಂಬರಿಗೆ ಬಂದಾಗ ಮೋಟಾರು ಸವದೈತಿ, ಬದಲಿ ಮಾಡ್ರಿ ಅಂತ ನಾನಽ ದೋಸ್ತರ ಮುಂದ ಹೇಳಿದ್ದೆ, ಈಗ ಆ ಮಾತ ವಾಪಸ್ ತಗೋತೇನಿ. ಮುಂದಿನ ಸೀಸನ್ನಿಗೆ 40 ವರ್ಷದಾಂವ 14 ಗೋಲ್ ಹೊಡದ. 2025ರ ಏಪ್ರಿಲ್ 6, ಸೆಮಿಫೈನಲ್ ಎರಡನೇ ಮ್ಯಾಚು, ಹೌದು, ಮತ್ತ ಫಾತೋರ್ಡಾ. ನಮಗ ಎರಡ ಗೋಲಿನ ಲೀಡ್ ಇತ್ತು, ಎಫ್‌ಸಿ ಗೋವಾ ಒಂದ ಹೊಡೀತು, 88ನೇ ನಿಮಿಷಕ್ಕ ಸಾದಿಕು ಇನ್ನೊಂದ ಹೊಡದು ಸರಿ ಮಾಡಿದ. ಟಿಕೆಟ್ ಸಿಕ್ಕಿದ್ದು ಗೋವಾ ಕಡೆ ಸ್ಟ್ಯಾಂಡಿನ್ಯಾಗ, ಸುತ್ತ ಎಲ್ಲಾ ಕಿತ್ತಳಿ ಅಂಗಿ, ನಾ ಬಿಳಿ ಶರ್ಟ್ ಹಾಕ್ಕೊಂಡು ಪಾಹುಣ್ಯಾನಂಗ ಕುಂತಿದ್ದೆ. ಇಂಜುರಿ ಟೈಮಿನ್ಯಾಗ ನಾಮ್‌ಗ್ಯಾಲ್ ಭೂಟಿಯಾ ಬಾಲ್ ಎತ್ತಿ ಹಾಕಿದ, ಛೇತ್ರಿ ತಲಿ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮಽ ಗಪ್ಪಾತು, ನನಗ ಒದರಾಕ ಬರಂಗಿಲ್ಲ, ಹೆಗಲ ಮ್ಯಾಲಿನ ಟಾವೆಲ್ ಬಾಯಾಗ ತುರಕ್ಕೊಂಡು ಅತ್ತೇನಿ. ಬಾಜೂಕಿನ ಗೋವಾ ಅಂಕಲ್ ನಾನೂ ಸೋತ ದುಃಖದಾಗ ಅಳಾಕತ್ತೇನಿ ಅಂತ ಬೆನ್ನ ಸವರಿದ್ರು. ಒಂದ ವಾರದಾಗ ಕೋಲ್ಕತ್ತಾದ ಫೈನಲ್, ಬಗಾನ್, ಎಕ್ಸ್ಟ್ರಾ ಟೈಮ್, 1-2. 2015, 2023, 2025, ಮೂರ ಸಲ ಆತು ಈ ಬಗಾನ್ ಕಾಟ, ಹೆಚ್ಚಿಗೆ ಬರಿಯಾಕ ಮನಸಿಲ್ಲ.

ಆಫ್ಟರ್ ಸೇಲ್ಸ್ ಸರ್ವಿಸ್ ಬಗ್ಗೆ: ಒಂದ ಆನ್‌ಲೈನ್ ಅಂಗಡ್ಯಾಗ ಛೇತ್ರಿಯ 11 ನಂಬರಿನ ಜೆರ್ಸಿ ತರಸಿದ್ದೆ, ಮೂರ ಸಲ ಒಗದ್ರಾಗ ಒಂದು 1 ಉದರಿ ಹೋತು. ಈಗ ಅದು 1 ನಂಬರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಜೆರ್ಸಿ ಅಂತ ಹಾಕ್ಕೋತೇನಿ, ಗೋಲ್‌ಕೀಪರ್‌ಗಳು ನೀಲಿ ಹಾಕಂಗಿಲ್ಲ ಅಂತ ಮಗಳು ತಿದ್ದತಾಳ. ದೂರ ಇರೋ ಗಿರಾಕಿಗೆ ಈ ಕ್ಲಬ್ಬಿನ್ಯಾಗ ಮನಿ ಮ್ಯಾಚು ಅಂದ್ರ ಪರದೇಶ, ಪರಊರ ಮ್ಯಾಚಽ ಮನಿ. ಲೆಕ್ಕಾ ಹಾಕಿದ್ರ ನಾ ಕಂಠೀರವ ನೋಡಿದ್ದು ಮೂರ ಸಲ, ಫಾತೋರ್ಡಾ ಹತ್ತಕ್ಕೂ ಹೆಚ್ಚು. ಲೇಲೆ ಗ್ರೌಂಡಿನ್ಯಾಗ ಸಂಜಿಕ ಧೂಳ ಎಬ್ಬಸೋ ಹುಡುಗೂರಾಗ ಒಬ್ಬಾಂವ ಆ ನೀಲಿ ಅಂಗಿ ಹಾಕ್ಕೊಂಡು ಫಾತೋರ್ಡಾದಾಗ ಇಳಿಬೇಕು ಅನ್ನೋದೊಂದ ಆಸೆ ಐತಿ, ಅದು ಬಿಡ್ರಿ.

2025ರ ಜುಲೈದಾಗ ಸರ್ವಿಸಽ ಬಂದ್ ಬಿತ್ತು, ಲೀಗ್ ನಡಸವರ 15 ವರ್ಷದ ಕರಾರು ಡಿಸೆಂಬರಿಗೆ ಮುಗಿಯೋದಿತ್ತು, ಮುಂದಿಂದು ಬಗೆಹರೀಲಿಲ್ಲ, ಸೀಸನ್ ಹೋಲ್ಡ್ ಅಂದ್ರು. ಆಗಸ್ಟಿನ್ಯಾಗ ನಮ್ಮ ಕ್ಲಬ್ಬು ಆಟಗಾರರ ಪಗಾರಽ ನಿಲ್ಲಿಸ್ತು. ಡೆಂಪೋ ಅಂಗಡಿ ಬಾಗ್ಲಾ ಹಾಕಿದ್ದು ನೋಡಿದ ಮನಷ್ಯಾ ನಾ, ಎದಿ ಡವಡವ ಅಂತು.

ಸ್ಟಾರ್ ಕೊಡಾಕ ಬಂದ್ರ ಐದಕ್ಕ ಮೂರೂವರಿ. ಫೈನಲ್ ಗೆದ್ದಿದ್ರ ನಾಲ್ಕ, ಆದ್ರ ಯಾವ ಫೈನಲ್ ಅಂತ ಕೇಳಬ್ಯಾಡ್ರಿ, ಪಟ್ಟಿ ದೊಡ್ಡದೈತಿ. ಫಾತೋರ್ಡಾದಾಗ ನಮ್ಮ ಮ್ಯಾಚಿನ ತಾರೀಖು ಬಿದ್ದಾಗ ಬೆಳಗಾವಿ ಕಡೆಯವ್ರು ಯಾರರ ಬರೋರಿದ್ರ ಹೇಳ್ರಿ, ಕಾರಿನ್ಯಾಗ ಒಂದ ಸೀಟ ಖಾಲಿ ಐತಿ, ಪೆಟ್ರೋಲ್ ಹಂಚ್ಕೋಬೇಕು, ಬುತ್ತಿ ನಮ್ದು. ಎಫ್‌ಸಿ ಗೋವಾದವ್ರಾದ್ರೂ ನಡೀತೈತಿ, ಹಿಂದಿನ ಸೀಟಿನ್ಯಾಗ.