ಡಿಕ್ಕಿಗೆ ಡಿಕ್ಕಿ: ತಟ್ಟಿಸಿದ್ದು, ಹೊಸದು, ಗುಜರಿಯದು

ಕಾರಿನ ಹಿಂದಿನ ಸಾಮಾನು ಪೆಟ್ಟಿಗೆಯೂ ಡಿಕ್ಕಿ, ಗುದ್ದುವುದೂ ಡಿಕ್ಕಿ. ನನ್ನ ಬದುಕಿನಲ್ಲಿ ಇವೆರಡೂ ಸಂಧಿಸಿದ್ದು ಎರಡು ವರ್ಷದ ಹಿಂದೆ, ಮೆಕ್ಕೆಜೋಳದ ಸುಗ್ಗಿಯಲ್ಲಿ, ದಾವಣಗೆರೆ ಎಪಿಎಂಸಿಯ ಹತ್ತಿರ. ಜೋಳ ಇಳಿಸಿ ಬಂದ ಟ್ರಾಕ್ಟರ್ ಹಿಂದಕ್ಕೆ ಸರಿಯಿತು. ಟ್ರೇಲರಿನ ಅಂಚು ನನ್ನ ಬಂಪರಿಗಿಂತ ಎತ್ತರದಲ್ಲಿತ್ತು. ಹಾಗಾಗಿ ಬಂಪರಿಗೆ ಒಂದು ಗೀರೂ ಬೀಳದೆ, ಮೇಲಿನ ಮುಚ್ಚಳ ಮಾತ್ರ ಉಪವಾಸದ ಹೊಟ್ಟೆಯಂತೆ ಒಳಕ್ಕೆ ಹೋಯಿತು. ಟ್ರಾಕ್ಟರಿನವನು ಇಳಿದು ಬಂದು ನೋಡಿ, "ಬಂಪರಿಗೆ ಏನೂ ಆಗಿಲ್ಲವಲ್ಲ ಅಣ್ಣಾ" ಎಂದು ನನಗೇ ಸಮಾಧಾನ ಹೇಳಿ, ಕೈಗೆ ಸಾವಿರ ರೂಪಾಯಿ ಇಟ್ಟು ಹೋದ.

ಕಾರು 2013ರ ಮಾರುತಿ ಡಿಸೈರ್, ಬೆಳ್ಳಿ ಬಣ್ಣದ್ದು. ನನ್ನದು ಸೀರೆ ವ್ಯಾಪಾರ. ಇಲ್ಲಿಂದ ಜಗಳೂರು, ಹರಪನಹಳ್ಳಿ, ಹೊಳಲ್ಕೆರೆಯ ಅಂಗಡಿಗಳಿಗೆ ಗಂಟು ಒಯ್ದು ಕೊಡುತ್ತೇನೆ. ಆದ್ದರಿಂದ ಡಿಕ್ಕಿ ಚಂದ ಕಾಣದಿದ್ದರೂ ನಡೆಯುತ್ತದೆ, ನೀರು ಬಿಡಬಾರದು. ಮುಂದೆ ಹೇಳುವುದನ್ನೆಲ್ಲ ನಾನು ತೂಗಿದ್ದು ಇದೇ ತಕ್ಕಡಿಯಲ್ಲಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ತಗಡು ಕೆಲಸದ ಮೇಸ್ತ್ರಿಯ ಹತ್ತಿರ ಹೋದೆ. ಡಿಕ್ಕಿಯ ಮುಚ್ಚಳ ಒಂದು ತಗಡಲ್ಲ, ಎರಡು. ಹೊರಗಿನದು ತೆಳು, ಒಂದು ಮಿಲಿಮೀಟರಿಗೂ ಕಡಿಮೆ. ಒಳಗಿನದು ಏಣುಗಳಿರುವ ಚೌಕಟ್ಟು. ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ ಚಪಾತಿಯ ಅಂಚಿನಂತೆ ಮಡಚಿ ಒತ್ತಿರುತ್ತಾರೆ. ಹೀಗಾಗಿ ಬಾಗಿಲಿನ ತಗ್ಗನ್ನು ತಟ್ಟಿದಂತೆ ಹಿಂದಿನಿಂದ ಸುತ್ತಿಗೆ ಹಾಕಲು ಇಲ್ಲಿ ಜಾಗವಿಲ್ಲ. ಹೊರಗಿನಿಂದಲೇ ಸಣ್ಣ ಮೊಳೆಗಳನ್ನು ವೆಲ್ಡ್ ಮಾಡಿ, ಅವನ್ನು ಹಿಡಿದು ತಗಡನ್ನು ಎಳೆಯಬೇಕು. ಎಳೆದ ತಗಡು ಹಿಗ್ಗುತ್ತದೆ, ಹಿಗ್ಗಿದ್ದು ಮೊದಲಿನ ಆಕಾರಕ್ಕೆ ಪೂರ್ತಿ ಬರುವುದಿಲ್ಲ. ಉಳಿದ ತಗ್ಗನ್ನು ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಮುಚ್ಚುತ್ತಾರೆ. ಎರಡು ದಿನದ ಕೆಲಸ, ನಾನು ಕೊಟ್ಟದ್ದು 4,500 ರೂಪಾಯಿ. ಕಾರು ಕೈಗೆ ಬಂದ ದಿನ ಎಲ್ಲಿ ಗುದ್ದಿತ್ತು ಎಂದು ನನ್ನ ಹೆಂಡತಿಗೆ ತೋರಿಸಲೂ ಆಗಲಿಲ್ಲ, ಅಷ್ಟು ನಯವಾಗಿತ್ತು.

ಜೂನ್‌ ಮಳೆ ಶುರುವಾದ ಮೇಲೆ ಒಂದು ಸಂಜೆ ಹೊಳಲ್ಕೆರೆಯಲ್ಲಿ ಡಿಕ್ಕಿ ತೆರೆದರೆ ಕೆಳಗಿನ ಗಂಟು ಒದ್ದೆ. ಕಾಟನ್ ಸೀರೆಗಳ ಕೆಂಪು ಪಕ್ಕದ ಬಿಳಿ ಸೀರೆಗಳಿಗೆ ಹತ್ತಿತ್ತು. ಆ ಗಂಟಿನಲ್ಲಿ ಹೋದದ್ದು ಮೇಸ್ತ್ರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಆಗ ಮುಚ್ಚಳವನ್ನು ಸರಿಯಾಗಿ ನೋಡಿದೆ. ಕೆಳ ಅಂಚಿನಲ್ಲಿ ಪುಟ್ಟಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಡಿಕ್ಕಿಯನ್ನು ದಿನಕ್ಕೆ ಹತ್ತು ಬಾರಿ ಧಡಾರೆಂದು ಮುಚ್ಚುವವನ ಕಾರಿನಲ್ಲಿ ಪುಟ್ಟಿ ಎಷ್ಟು ದಿನ ತಡೆದೀತು? ಬಿರುಕಿಗಿಂತ ಕೆಟ್ಟದ್ದು ಬಲಮೂಲೆ. ಚೌಕಟ್ಟೇ ಸ್ವಲ್ಪ ತಿರುಚಿಕೊಂಡಿದ್ದುದರಿಂದ ಮುಚ್ಚಳ ಅಲ್ಲಿ ರಬ್ಬರನ್ನು ಒತ್ತುತ್ತಲೇ ಇರಲಿಲ್ಲ.

ಮೇಸ್ತ್ರಿಯನ್ನು ದೂರುವಂತಿಲ್ಲ. "ಒಳತಗಡೂ ಮಡಚಿದೆ ಸಾಹೇಬರೇ. ತಟ್ಟಿದರೆ ಕಣ್ಣಿಗೆ ಸರಿಹೋಗುತ್ತದೆ, ರಬ್ಬರಿಗೆ ಸರಿಹೋಗುವುದಿಲ್ಲ" ಎಂದು ಅವರು ಮೊದಲೇ ಹೇಳಿದ್ದರು. ನಾನು ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದೆ. ಒಳಚೌಕಟ್ಟು ನೆಟ್ಟಗಿದ್ದು ಹೊರತಗಡು ಮಾತ್ರ ತಗ್ಗಿದ್ದರೆ ಈಗಲೂ ತಟ್ಟಿಸುವುದಕ್ಕೇ ನನ್ನ ಮತ. ಡಿಕ್ಕಿ ತೆರೆದು ಒಳಗಿನ ಏಣುಗಳ ಮೇಲೆ ಬೆರಳಾಡಿಸಿದರೆ ಯಾವುದು ಏನೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡನೆಯ ದಾರಿ ಕಂಪನಿಯ ಹೊಸ ಮುಚ್ಚಳ, ವಿಮೆಯ ಹಣದಲ್ಲಿ. ಚಿತ್ರದುರ್ಗದಲ್ಲಿರುವ ನನ್ನ ಭಾವಮೈದುನ ತನ್ನ ಮೂರು ವರ್ಷದ ಕಾರಿಗೆ ಹೀಗೇ ಮಾಡಿಸಿ, "ಭಾವ, ಕೈಯಿಂದ ಎರಡು ಸಾವಿರವೂ ಹೋಗಲಿಲ್ಲ, ನೀವೇಕೆ ಗುಜರಿ ಸುತ್ತುತ್ತೀರಿ?" ಎಂದು ಕೇಳಿದ. ಅವನದು ಸವಕಳಿ, ಅಂದರೆ ಕಾರು ಹಳೆಯದಾದಂತೆ ಇಳಿಯುವ ಬೆಲೆ, ಕಳೆಯದ ಪಾಲಿಸಿ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿದ್ದಾನೆ. ನನ್ನದು ಹತ್ತು ವರ್ಷ ದಾಟಿದ ಕಾರು, ಸಾದಾ ಪಾಲಿಸಿ. ನನಗೆ ಕೊಟ್ಟ ಅಂದಾಜು ಹೀಗಿತ್ತು: ಮುಚ್ಚಳ 9,200, ಕೂಲಿ 1,800, ಬಣ್ಣ 6,000, ಒಟ್ಟು 17,000 ರೂಪಾಯಿ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ವಿಮೆಯವರು ಅರ್ಧದಷ್ಟು ಸವಕಳಿ ಕಳೆಯುತ್ತಾರೆ, ಅಂದರೆ 4,600 ನನ್ನ ತಲೆಗೆ. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅದು 750. ನನ್ನಂಥ ಸಣ್ಣ ಎಂಜಿನ್ನಿನ ಕಾರಿಗೆ ಕಡ್ಡಾಯ ಕಡಿತ, ಅಂದರೆ ಕ್ಲೇಮಿನಲ್ಲಿ ನಾವೇ ಹೊರಬೇಕಾದ ಮೊತ್ತ, 1,000. ಇಲ್ಲಿಗೆ 6,350.

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ನನಗೆ ಶೇಕಡಾ 50 ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಇದೆ. ಒಂದು ಸಲ ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಆಮೇಲೆ ಪ್ರತಿವರ್ಷ 20, 25, 35, 45 ಎಂದು ಹತ್ತಿ ಮತ್ತೆ 50ಕ್ಕೆ ಬರಬೇಕು. ರಿಯಾಯಿತಿ ಇಲ್ಲದಿದ್ದರೆ ನನ್ನ ಸ್ವಂತ ಹಾನಿಯ ಪ್ರೀಮಿಯಂ ಸುಮಾರು 4,600. ಐದು ವರ್ಷದಲ್ಲಿ ಕಳೆದುಕೊಳ್ಳುವ ರಿಯಾಯಿತಿಯನ್ನು ಕೂಡಿಸಿದರೆ ಆ ಪ್ರೀಮಿಯಂನ ಒಂದೂಕಾಲು ಪಟ್ಟು, ಅಂದರೆ 5,750. ಒಟ್ಟು 12,100 ರೂಪಾಯಿ ನನ್ನದೇ. ವಿಮೆಯ ಹಣ ಪುಕ್ಕಟೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಭಾವಮೈದುನನಿಗೆ ಅದೇ ಸರಿ, ನನಗಲ್ಲ.

ಮೂರನೆಯದು ಕಂಪನಿಯದಲ್ಲದ ಹೊಸ ಮುಚ್ಚಳ. ಬೆಲೆ 5,200. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಡಬ್ಬದ ಮುಚ್ಚಳದಂತೆ "ಟಪ್" ಎಂದು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಮೇಸ್ತ್ರಿ ಬಣ್ಣ ಹೊಡೆಯುವ ಮೊದಲೇ ಕಾರಿಗೆ ಕೂರಿಸಿ ನೋಡಿದರು. ಬಾಡಿಗೂ ಮುಚ್ಚಳಕ್ಕೂ ನಡುವಿನ ಸಂದು ಎಡಗಡೆ ಒಂದು ಬೆಂಕಿಕಡ್ಡಿ, ಬಲಗಡೆ ಮೂರು ಬೆಂಕಿಕಡ್ಡಿ. ಬೋಲ್ಟ್ ಸಡಿಲಿಸಿ ಆಚೆ ಈಚೆ ಸರಿಸಿದರೂ ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತಿತ್ತು. ಬಣ್ಣ ಮುಟ್ಟಿರದ ಕಾರಣ ಅಂಗಡಿಯವರು ವಾಪಸು ತೆಗೆದುಕೊಂಡರು. ಎಲ್ಲ ಹೊಸ ಮುಚ್ಚಳಗಳೂ ಹೀಗೇ ಎನ್ನಲಾರೆ. ನನ್ನ ಕೈಗೆ ಬಂದದ್ದು ಮಾತ್ರ ಸೀರೆ ಕಟ್ಟಿಡುವುದಕ್ಕೆ ಲಾಯಕ್ಕಾಗಿರಲಿಲ್ಲ.

ಉಳಿದದ್ದು ಗುಜರಿ. ಇಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಬೆಂಗಳೂರು–ಪುಣೆ ಹೆದ್ದಾರಿ ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳನ್ನು ಸವರಿಕೊಂಡೇ ಹೋಗುತ್ತದೆ. ಅಲ್ಲಿ ಮುಂದೆ ಹೋಗುವ ಲಾರಿಗೆ ಗುದ್ದಿದ ಕಾರಿನ ಎಂಜಿನ್, ಬಾನೆಟ್ ಎಲ್ಲ ನುಜ್ಜಾಗುತ್ತವೆ. ರಿಪೇರಿಗೆ ಲೆಕ್ಕ ಹೊಂದದೆ ವಿಮೆಯವರು ಪೂರ್ತಿ ನಷ್ಟವೆಂದು ಬರೆದ ಮೇಲೆ ಅದು ಗುಜರಿಗೆ ಬರುತ್ತದೆ, ಹಿಂದಿನ ಅರ್ಧ ಮಾತ್ರ ಷೋರೂಮಿನಿಂದ ಈಗಷ್ಟೇ ಹೊರಬಂದಂತೆ ಇರುತ್ತದೆ. ಯಾರದೋ ಕೆಟ್ಟ ಗಳಿಗೆಯಿಂದ ನನ್ನ ಕಾರಿಗೆ ಮುಚ್ಚಳ ಹುಡುಕುವುದು ಮನಸ್ಸಿಗೆ ಅಷ್ಟು ಹಿತವಲ್ಲ, ನಿಜ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಈ ಕಾರು ಎಲ್ಲಿಗೆ ಗುದ್ದಿತ್ತು? ಬಿಚ್ಚಿ ಗೋಡೆಗೆ ಒರಗಿಸಿಟ್ಟ ಮುಚ್ಚಳ ಕೊಳ್ಳುವುದಕ್ಕಿಂತ ಕಾರಿನ ಮೇಲೇ ಇರುವುದನ್ನು ನೋಡಿ ಬಿಚ್ಚಿಸಿಕೊಳ್ಳುವುದು ಮೇಲು.

ದಾವಣಗೆರೆಯಲ್ಲಿ ಸಿಕ್ಕಿದ್ದು ಎರಡು, ಎರಡೂ ಬೇರೆ ಡಿಸೈರಿನವು. ಹೆಸರು ಒಂದೇ ಆದರೂ ಕಾರು ಒಂದೇ ಅಲ್ಲ. 2008ರದ್ದು ಒಂದು. 2012ರಲ್ಲಿ ತೆರಿಗೆ ರಿಯಾಯಿತಿಗೆಂದು ನಾಲ್ಕು ಮೀಟರಿನೊಳಗೆ ಬಾಲ ಕತ್ತರಿಸಿಕೊಂಡು ಬಂದದ್ದು ಇನ್ನೊಂದು. 2017ರದ್ದು, 2024ರದ್ದು ಮತ್ತೆ ಬೇರೆ ಬೇರೆ. ಮೊದಲನೆಯದರ ಡಿಕ್ಕಿ 440 ಲೀಟರ್, ನನ್ನದರದು 316. ಪೆಟ್ಟಿಗೆಯೇ ಬೇರೆಯಾದ ಮೇಲೆ ಮುಚ್ಚಳ ಹೇಗೆ ಕೂರುತ್ತದೆ? ಆದರೂ "ಕೂರುತ್ತದೆ ಭಾಯ್, ಸ್ವಲ್ಪ ತಟ್ಟಿದರೆ ಆಯಿತು" ಎಂದವರಿದ್ದರು.

ಕೊನೆಗೆ ಚಿತ್ರದುರ್ಗದ ಹೊರಗೆ ಒಂದು ಗುಜರಿಯಲ್ಲಿ ನನ್ನದೇ ಮಾದರಿಯ ಮೂರು ಕಾರುಗಳಿದ್ದವು. ಜೇಬಿನಲ್ಲಿ ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಅಯಸ್ಕಾಂತವಿತ್ತು. ತೆಳು ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಮೇಲೆ ಅಲ್ಲಲ್ಲಿ ಇಟ್ಟರೆ, ತಗಡಿದ್ದಲ್ಲಿ ಕಚ್ಚುತ್ತದೆ, ಪುಟ್ಟಿ ದಪ್ಪವಿದ್ದಲ್ಲಿ ಜಾರುತ್ತದೆ. ಮೊದಲನೆಯ ಬೆಳ್ಳಿ ಮುಚ್ಚಳ ಬಲಗಡೆ ಅಂಗೈಯಗಲ ಜಾರಿತು. ತೆರೆದು ನೋಡಿದರೆ ಒಳಗಿನ ಬಣ್ಣ ಬಿಳಿ, ಅಂದರೆ ಅದೂ ಹಿಂದೊಮ್ಮೆ ಗುಜರಿಯಿಂದಲೇ ಬಂದದ್ದು! ಉಳಿದವು ಎರಡು. ಒಂದು ಮರೂನ್, ಬೆಲೆ 2,500. ಇನ್ನೊಂದು ಬೆಳ್ಳಿ, 6,500 ಹೇಳಿ 4,000ಕ್ಕೆ ಇಳಿದರು. ಎರಡರ ಒಳಬಣ್ಣವೂ ಹೊರಬಣ್ಣವೂ ಒಂದೇ, ಬೋಲ್ಟುಗಳ ತಲೆಯ ಮೇಲಿನ ಬಣ್ಣ ಒಡೆದಿರಲಿಲ್ಲ. ಯಾರೂ ಪಾನಾ ಹಾಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೆಳಗಿನ ಮಡಿಕೆಯಂಚಿನ ಉದ್ದಕ್ಕೂ ಉಗುರು ಎಳೆದು ನೋಡಿದೆ. ತುಕ್ಕು ಹಿಡಿಯುವುದು ಅಲ್ಲಿಂದಲೇ, ಬಣ್ಣದ ಕೆಳಗೆ ರಾಗಿಕಾಳಿನಷ್ಟು ಗುಳ್ಳೆ ಸಿಕ್ಕರೂ ಬಿಟ್ಟುಬಿಡಬೇಕು. ಎರಡೂ ಶುಭ್ರವಾಗಿದ್ದವು.

ನನ್ನ ಕಾರು ಬೆಳ್ಳಿ, ಮುಚ್ಚಳವೂ ಬೆಳ್ಳಿ, ಬಣ್ಣದ ಖರ್ಚು ಉಳಿಯಿತು ಎಂದುಕೊಂಡು 1,500 ಹೆಚ್ಚು ಕೊಟ್ಟು ಬೆಳ್ಳಿಯದನ್ನೇ ತೆಗೆದುಕೊಂಡೆ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಶುದ್ಧ ದಡ್ಡತನ ಅದೇ.

ತಂದದ್ದು ಹೇಗೆಂದರೆ, ಭಾವಮೈದುನನ ಮನೆಯ ಹಳೆಯ ಚಳ್ಳಕೆರೆ ಕಂಬಳಿಯಲ್ಲಿ ಸುತ್ತಿ, ಬಸ್ಸಿನ ಡಿಕ್ಕಿಯಲ್ಲಿ. "ಒಳಗೆ ಏನು?" ಎಂದರು ಕಂಡಕ್ಟರ್. "ಡಿಕ್ಕಿ" ಎಂದೆ. "ಡಿಕ್ಕಿಯಲ್ಲೇ ಇಡಿ, ಒಳಗೆ ಏನು ಅಂತ ಕೇಳಿದ್ದು" ಎಂದರು. ಅರವತ್ತು ಕಿಲೋಮೀಟರಿಗೆ ಲಗೇಜ್ ಟಿಕೆಟ್ ಕೊಟ್ಟರು.

ಕೂರಿಸಿದ್ದು ಒಂದು ಗಂಟೆಯ ಕೆಲಸ. ಮುಚ್ಚಳದ ಕೀಲುಗಳಿಗೆ ಒಂದೊಂದು ಕಡೆ ಎರಡರಂತೆ ನಾಲ್ಕು ಬೋಲ್ಟ್. ಹಳೆಯದನ್ನು ಬಿಚ್ಚುವ ಮೊದಲು ಮೇಸ್ತ್ರಿ ಕೀಲಿನ ಮೇಲೆ ಬೋಲ್ಟಿನ ತಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಗುಜರಿಯದನ್ನು ಆ ಗೆರೆಗೇ ಕೂರಿಸಿದಾಗ ಎರಡೂ ಕಡೆ ಸಂದು ಎರಡೆರಡು ಬೆಂಕಿಕಡ್ಡಿ, ಸರಿಸುವ ಮಾತೇ ಬರಲಿಲ್ಲ. ಕಂಪನಿಯ ಅಚ್ಚಿನಲ್ಲಿ ಒತ್ತಿದ ತಗಡಿಗೂ ಇನ್ನೆಲ್ಲೋ ಒತ್ತಿದ ತಗಡಿಗೂ ಇರುವ ವ್ಯತ್ಯಾಸ ನನಗೆ ಕಂಡದ್ದು ಆಗಲೇ. ನನ್ನ ಹಳೆಯ ಲಾಕು, ನಂಬರ್ ಪ್ಲೇಟಿನ ದೀಪದ ವೈರು ಹಾಗೇ ಹೊಂದಿದವು. ಗುಜರಿಯ ಮುಚ್ಚಳದ ಜೊತೆ ಬರುವ ಲಾಕಿಗೆ ನಿಮ್ಮ ಕೀ ಹೊಂದುವುದಿಲ್ಲ, ಹಳೆಯದನ್ನು ಎಸೆಯಬೇಡಿ. ರಬ್ಬರನ್ನು ಮಾತ್ರ ಹೊಸದು ಹಾಕಿಸಿದೆ, 700 ರೂಪಾಯಿ. ರಬ್ಬರಿನ ಮೇಲೆ ಸೀಮೆಸುಣ್ಣದ ಪುಡಿ ಸವರಿ ಮುಚ್ಚಿ ತೆರೆದಾಗ ಮುಚ್ಚಳದ ಒಳಗೆ ಎಲ್ಲೂ ಕಡಿಯದ ಬಿಳಿಗೆರೆ ಮೂಡಿತು. ಹಳೆಯ ಮುಚ್ಚಳದಲ್ಲಿ ಈ ಪರೀಕ್ಷೆ ಮಾಡಿದ್ದರೆ ಸೀರೆಗಳು ಉಳಿಯುತ್ತಿದ್ದವು.

ಬಣ್ಣದ ವಿಷಯ. ಗುಜರಿಯ ತಗಡಿನ ಚಾವಣಿಯ ನೆರಳಲ್ಲಿ ಎರಡೂ ಬೆಳ್ಳಿ ಒಂದೇ ಆಗಿದ್ದವು. ದಾವಣಗೆರೆಯ ಮಧ್ಯಾಹ್ನದ ಬಿಸಿಲಲ್ಲಿ ಮುಚ್ಚಳ ನೀಲಿಗೆ ತಿರುಗಿದಂತೆ, ಕಾರು ಹಳದಿಗೆ ತಿರುಗಿದಂತೆ ಕಂಡವು. ಬೆಳ್ಳಿ ಬಣ್ಣದಲ್ಲಿ ಲೋಹದ ಸಣ್ಣ ಚೂರುಗಳಿರುತ್ತವೆ, ಅವು ಮಲಗಿರುವ ದಿಕ್ಕಿನ ಮೇಲೆ ಹೊಳಪು ಬದಲಾಗುತ್ತದೆ. ಜೊತೆಗೆ ಒಂದು ಕಾರು ನೆರಳಲ್ಲಿ ನಿಂತು ಬಾಳಿರುತ್ತದೆ, ಇನ್ನೊಂದು ಬಿಸಿಲಲ್ಲಿ. ಕೊನೆಗೆ 3,800 ಕೊಟ್ಟು ಬಣ್ಣ ಹೊಡೆಸಲೇಬೇಕಾಯಿತು. ಹೇಗಿದ್ದರೂ ಬಣ್ಣ ಹೊಡೆಸುವುದಾದರೆ ಮರೂನ್ ಏನು ಪಾಪ ಮಾಡಿತ್ತು? ಬಿಳಿ ಕಾರಿನವರಿಗೆ ಬಣ್ಣ ಹೊಂದುವ ಸಾಧ್ಯತೆ ಹೆಚ್ಚು. ಬೆಳ್ಳಿಯವರು, ಬೂದಿಯವರು ಬಣ್ಣಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಕೂರಿಸಿದ ಕೂಲಿ 600 ಸೇರಿ ಗುಜರಿಯ ದಾರಿಗೆ ಆದದ್ದು 9,100. ಮರೂನ್ ಕೊಂಡಿದ್ದರೆ 7,600. ವಾಪಸು ಕೊಟ್ಟ ಆ ಹೊಸ ಮುಚ್ಚಳಕ್ಕೆ ಇದೇ ಬಣ್ಣ, ರಬ್ಬರು, ಕೂಲಿ ಸೇರಿಸಿದರೆ 10,300. ಅಗ್ಗ ಎಂಬ ಕಾರಣಕ್ಕೇ ಗುಜರಿಗೆ ಹೋಗುವವರಿಗೆ ಈ ಅಂತರ ನಿರಾಸೆ ತರಬಹುದು. ನಾನು ಇಷ್ಟಪಟ್ಟದ್ದು ಬೆಲೆಯನ್ನಲ್ಲ, ಆ ಎರಡೆರಡು ಬೆಂಕಿಕಡ್ಡಿಯನ್ನು. ಅದಾದ ಮೇಲೆ ಒಂದು ಮಳೆಗಾಲ ಪೂರ್ತಿ ಕಳೆದಿದೆ, ಗಂಟು ಒದ್ದೆಯಾಗಿಲ್ಲ.

ತಲೆನೋವು ಬಂದದ್ದು ಎಣಿಸಿರದ ಕಡೆಯಿಂದ. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕೂತಿರುವುದು ಮುಚ್ಚಳದ ಮೇಲೆ, ಅದರ ಲಾಕನ್ನು ಮುರಿಯದೆ ತೆಗೆಯಲು ಬರುವುದಿಲ್ಲ. ಮುರಿದ ಮೇಲೆ ಸಾದಾ ಸ್ಕ್ರೂ ಹಾಕಿದರೆ ಆ ಪ್ಲೇಟಿಗೆ ಅರ್ಥವಿಲ್ಲ. ಮತ್ತೆ ಅರ್ಜಿ, ಮತ್ತೆ ಸರದಿ, ಅರ್ಧ ದಿನದ ವ್ಯಾಪಾರ ಹೋಯಿತು. ಗುಜರಿಯ ಮುಚ್ಚಳದ ಮೇಲಿದ್ದ ಬೇರೆಯವರ ಪ್ಲೇಟನ್ನು ಅಲ್ಲೇ ಬಿಟ್ಟು ಬನ್ನಿ. ಯಾವ ಕಾರಿನಿಂದ ಬಿಚ್ಚಿದ್ದು ಎಂದು ಚಾಸಿ ಸಂಖ್ಯೆ ಬರೆದ ರಸೀದಿಯನ್ನು ಹಠ ಹಿಡಿದು ಪಡೆಯಿರಿ. ಕದ್ದ ಕಾರಿನ ಮಾಲಾಗಿದ್ದರೆ ರಸೀದಿಯಿಲ್ಲದೆ ಕೊಂಡವರೂ ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ನನಗೆ ಸಿಕ್ಕ ರಸೀದಿ ಕ್ಯಾಲೆಂಡರಿನ ಹಾಳೆಯ ಹಿಂಬದಿ, ಆದರೆ ಸಂಖ್ಯೆ, ಸಹಿ, ತಾರೀಖು ಮೂರೂ ಇವೆ.

ಹಳೆಯ ಮುಚ್ಚಳವನ್ನು ನಮ್ಮ ಬೀದಿಗೆ ಬರುವ ಗುಜರಿಯವನಿಗೆ ಕಬ್ಬಿಣದ ತೂಕಕ್ಕೆ ಕೊಟ್ಟೆ. ತಕ್ಕಡಿಗೆ ಏರಿಸುವ ಮೊದಲು ಅವನು ಗೆಣ್ಣಿನಿಂದ ಎರಡು ಕಡೆ ತಟ್ಟಿ ಕೇಳಿಸಿಕೊಂಡ, ನಂತರ ಸುತ್ತಿಗೆ ತೆಗೆದು ಒಂದೇ ಏಟು ಹಾಕಿದ. ನನ್ನ 4,500 ರೂಪಾಯಿಯ ನಯವೆಲ್ಲ ಹೆಂಚಿನ ಚೂರಿನಂತೆ ಕಳಚಿ ರಸ್ತೆಗೆ ಬಿತ್ತು. "ಇದಕ್ಕೆ ದುಡ್ಡಿಲ್ಲ ಅಣ್ಣಾ" ಎಂದು ಅದನ್ನು ಕಾಲಿನಿಂದ ಚರಂಡಿಗೆ ಸರಿಸಿ, ಉಳಿದ ತಗಡನ್ನು ತೂಗಿದ.