ಈ ಆ್ಯಪ್‌ಗೆ 'ರೆ' ಬರುವುದಿಲ್ಲ: ಕಂಡಿಷನಲ್ ಪಿಕ್ ಜೊತೆ 4 ಸೀಸನ್

ಇದು ನಮ್ಮ ಫ್ಯಾಂಟಸಿ ಫುಟ್‌ಬಾಲ್ ಆ್ಯಪ್‌ನ ಪೂರ್ತಿ ವಿಮರ್ಶೆ ಅಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಆಟಗಾರರನ್ನು ನಮ್ಮ ಕಾಲ್ಪನಿಕ ತಂಡದಲ್ಲಿ ಇಟ್ಟುಕೊಂಡು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಾವು ಪಾಯಿಂಟ್ ಪಡೆಯುವ ಆಟ ಅದು. ಡೈನಸ್ಟಿ ಲೀಗ್ ಆಡುವವರಿಗೆ ಅದರ ಡ್ರಾಫ್ಟ್ ಬೋರ್ಡ್, ಚಾಟ್, ವೇವರ್ ಎಲ್ಲ ಗೊತ್ತೇ ಇರುತ್ತದೆ. ನನ್ನ ತಕರಾರು ಒಂದೇ. ಕನ್ನಡದಲ್ಲಿ ಒಂದು 'ರೆ' ಸೇರಿಸಿದರೆ ಮುಗಿಯುವ ಕೆಲಸವನ್ನು ಈ ಆ್ಯಪ್‌ಗೆ ಹೇಳೋಕೆ ಆಗೋದೇ ಇಲ್ಲ. ಕೊಟ್ಟ ಆಟಗಾರ ಆಡಿದರೆ ಬದಲಿಗೆ ಫಸ್ಟ್ (ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಸರದಿ, ಅಂದರೆ ಪಿಕ್), ಆಡದಿದ್ದರೆ ಸೆಕೆಂಡ್ (ಎರಡನೇ ಸುತ್ತಿನದು). ಇಷ್ಟೇ. ಇದನ್ನು ಬರೆಯೋಕೆ ಟ್ರೇಡ್ ಪರದೆಯಲ್ಲಿ ಜಾಗವೇ ಇಲ್ಲ.

ನಮ್ಮದು ನ್ಯೂಜೆರ್ಸಿಯಲ್ಲಿರುವ 12 ಜನರ ಲೀಗ್, ಹೆಚ್ಚಿನವರು ಕನ್ನಡದವರು. ವರ್ಷಕ್ಕೆ ತಲೆಗೆ 60 ಡಾಲರ್. ಡೈನಸ್ಟಿ ಅಂದರೆ ಆಟಗಾರರು ವರ್ಷದಿಂದ ವರ್ಷಕ್ಕೆ ನಮ್ಮ ಹತ್ತಿರವೇ ಉಳಿಯುತ್ತಾರೆ, ಹೊಸಬರಿಗೆ ಮಾತ್ರ ಪ್ರತಿ ಬೇಸಿಗೆ 4 ಸುತ್ತಿನ ಡ್ರಾಫ್ಟ್. ಹಾಗಾಗಿ ಮುಂದಿನ ವರ್ಷದ ಪಿಕ್ ಅಂದರೆ ನಮ್ಮಲ್ಲಿ ನಗದು ಇದ್ದ ಹಾಗೆ.

2022ರ ಸೆಪ್ಟೆಂಬರ್. ನನ್ನ ಹತ್ತಿರ ಬೆಂಗಲ್ಸ್ ತಂಡದಲ್ಲಿ ಚೆಂಡು ಹಿಡಿದು ಓಡುವ ಜೋ ಮಿಕ್ಸನ್ ಇದ್ದ. ಹಾಸನದ ಕಡೆಯ ಗೆಳೆಯನೊಬ್ಬನಿಗೆ ಅವನು ಬೇಕು. ನಾನು ಫಸ್ಟ್ ಕೇಳಿದೆ. ಅವನು ಸೆಕೆಂಡ್ ಅಂದ. 2021ರಲ್ಲಿ 16 ಮ್ಯಾಚ್ ಆಡಿ 1,205 ಯಾರ್ಡ್ ಓಡಿದ್ದಾನೆ ಅಂತ ನಾನು. 2020ರಲ್ಲಿ ಕಾಲು ನೋವು ಅಂತ ಆರೇ ಮ್ಯಾಚ್ ಆಡಿದ್ದನ್ನು ಮರೆತೆಯಾ ಗುರು ಅಂತ ಅವನು. ಎರಡು ದಿನ ಹೀಗೇ ಎಳೆದಾಡಿದ ಮೇಲೆ ಕಂಡಿಷನಲ್ ಪಿಕ್ ಅನ್ನುವ ಮಾತು ಬಂತು. ಮಿಕ್ಸನ್ 15 ಮ್ಯಾಚ್ ಆಡಿದರೆ ಫಸ್ಟ್, ಇಲ್ಲದಿದ್ದರೆ ಸೆಕೆಂಡ್.

ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ಊರಲ್ಲಿ ಅಪ್ಪ ಅಡಿಕೆ ತೋಟ ಚೇಣಿಗೆ ಕೊಡುವಾಗಲೂ ಹೀಗೇ. ಕೊಳೆರೋಗ ಬಂದರೆ ಏನು, ಬರದಿದ್ದರೆ ಏನು, ಎಲ್ಲ ಜಗಲಿ ಮೇಲೆ ಕೂತು ಮೊದಲೇ ಮಾತಾಡುತ್ತಿದ್ದರು. ಫಸಲು ಹೇಗೆ ಬರುತ್ತದೆ ಅಂತ ಇಬ್ಬರಿಗೂ ಗೊತ್ತಿಲ್ಲದಿದ್ದಾಗ ಜಗಳ ಆಡುವ ಬದಲು ಮಳೆಗಾಲ ಮುಗಿಯಲಿ ನೋಡೋಣ ಅನ್ನುವುದು. ಎನ್‌ಎಫ್‌ಎಲ್ ತಂಡಗಳೂ ಮಾಡುವುದು ಇದನ್ನೇ. 2008ರಲ್ಲಿ ಜೆಟ್ಸ್‌ನವರು ಬ್ರೆಟ್ ಫಾರ್ವ್‌ನನ್ನು ತಂದಾಗ ಕೊಟ್ಟಿದ್ದು 4ನೇ ಸುತ್ತಿನ ಪಿಕ್, ಅವನು ಎಷ್ಟು ಆಡುತ್ತಾನೆ, ತಂಡ ಎಲ್ಲಿವರೆಗೆ ಹೋಗುತ್ತದೆ ಅನ್ನುವುದರ ಮೇಲೆ ಅದು ಮೇಲಕ್ಕೆ ಏರುತ್ತಾ ಹೋಗುವ ಹಾಗೆ. ಕೊನೆಗೆ ಅದು 3ನೇ ಸುತ್ತಿಗೆ ನಿಂತಿತು.

ಆ್ಯಪ್‌ನಲ್ಲಿ ಮಾತ್ರ ಸೆಕೆಂಡ್ ಅಂತಲೇ ಹಾಕಿದೆವು. 'ರೆ' ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಉಳಿಯಿತು. ಅದರ ಮೇಲೆ ಗಣೇಶ ಹಬ್ಬದ ಫೋಟೋಗಳು, ಯಾರದೋ ಮಗುವಿನ ಹುಟ್ಟುಹಬ್ಬ, ಕಾಸ್ಟ್ಕೋದಲ್ಲಿ ಸೋನಾ ಮಸೂರಿ ಬಂದಿದೆಯಾ ಅನ್ನುವ ಪ್ರಶ್ನೆ, ಎಲ್ಲ ಬಂದು ಕೂತವು.

ಇಲ್ಲಿಂದ ಶುರುವಾಗಿದ್ದು ನಿಜವಾದ ಮಜಾ. ಭಾನುವಾರ 1 ಗಂಟೆಯ ಮ್ಯಾಚ್‌ಗಳಿಗೆ ಯಾರು ಆಡುವುದಿಲ್ಲ ಅನ್ನುವ ಪಟ್ಟಿ 90 ನಿಮಿಷ ಮೊದಲು ಬರುತ್ತದೆ, ಅಂದರೆ ಹನ್ನೊಂದೂವರೆಗೆ. ಮೊದಲೆಲ್ಲ ನನ್ನ ಆಟಗಾರರನ್ನು ಮಾತ್ರ ನೋಡುತ್ತಿದ್ದೆ. ಈಗ ಬೇರೆಯವನ ಆಟಗಾರನಿಗೂ ಕಾಯೋಕೆ ಶುರು ಮಾಡಿದೆ. ಉಪ್ಪಿಟ್ಟಿನ ತಟ್ಟೆ ಎಡಗೈಯಲ್ಲಿ, ಫೋನ್ ಬಲಗೈಯಲ್ಲಿ, ಫಿಲ್ಟರ್ ಕಾಫಿ ಕಿಟಕಿ ಕಟ್ಟೆ ಮೇಲೆ. ಮಿಕ್ಸನ್ ಹೆಸರು ಪಟ್ಟಿಯಲ್ಲಿ ಇಲ್ಲ ಅಂದರೆ ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಒಂದು ಗೀಟು. ಮೊಬೈಲ್‌ನಲ್ಲೇ ಲೆಕ್ಕ ಇಡಬಹುದು, ಆದರೆ ಪೆನ್ಸಿಲ್‌ನಲ್ಲಿ ಗೀಟು ಎಳೆಯುವ ಸುಖವೇ ಬೇರೆ. ನವೆಂಬರ್ 6ಕ್ಕೆ ಪ್ಯಾಂಥರ್ಸ್ ಮೇಲೆ ಅವನು 5 ಟಚ್‌ಡೌನ್ ಹೊಡೆದ. ನಮ್ಮದು ಕ್ಯಾಚ್‌ಗೆ ಒಂದು ಪಾಯಿಂಟ್ ಕೊಡುವ ಲೀಗ್, ಒಟ್ಟು 55.1. ಮಾರಿದ ಆಟಗಾರ ಹಾಗೆ ಆಡಿದರೆ ಸಾಮಾನ್ಯವಾಗಿ ಹೊಟ್ಟೆ ಉರಿಯುತ್ತದೆ. ಅವತ್ತು ಉರಿದಿದ್ದು ಅರ್ಧ ಮಾತ್ರ. ಅದು 9ನೇ ಗೀಟು.

ಆಮೇಲೆ ಪಿಟ್ಸ್‌ಬರ್ಗ್ ಮ್ಯಾಚ್‌ನಲ್ಲಿ ತಲೆಗೆ ಪೆಟ್ಟಾಗಿ ಎರಡು ವಾರ ಕೂತ. ಪರವಾಗಿಲ್ಲ, 17ರಲ್ಲಿ ಎರಡು ಹೋದರೆ ಸರಿಯಾಗಿ 15.

2023ರ ಜನವರಿ 2, ಸೋಮವಾರ ರಾತ್ರಿ. ಬಿಲ್ಸ್ ಮತ್ತು ಬೆಂಗಲ್ಸ್. ಮೊದಲ ಕ್ವಾರ್ಟರ್‌ನಲ್ಲೇ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಮೈದಾನದ ಮೇಲೆ ಕುಸಿದು ಬಿದ್ದ, ಹೃದಯ ನಿಂತಿತ್ತು. ಆ ರಾತ್ರಿ ಗ್ರೂಪ್‌ನಲ್ಲಿ ಯಾರೂ ಪಾಯಿಂಟ್ ಬಗ್ಗೆ ಮಾತಾಡಲಿಲ್ಲ, ಅದು ನಮ್ಮ ಫೈನಲ್ ವಾರ ಆಗಿದ್ದರೂ. ಮ್ಯಾಚ್ ಮತ್ತೆ ಆಡಿಸುವುದಿಲ್ಲ, ರದ್ದು ಅಂತ ಗುರುವಾರ ಎನ್‌ಎಫ್‌ಎಲ್ ಹೇಳಿತು. ಅಷ್ಟರಲ್ಲಿ ಹ್ಯಾಮ್ಲಿನ್ ಚೇತರಿಸಿಕೊಳ್ಳುತ್ತಿದ್ದಾನೆ ಅನ್ನುವ ಸುದ್ದಿಯೂ ಬಂದಿತ್ತು. ಮನಸ್ಸು ಹಗುರ ಆಯಿತು ನೋಡಿ, ಆಗ ನನ್ನ ತಲೆಗೆ ಹೊಳೆಯಿತು. ಮಿಕ್ಸನ್ ಅವತ್ತು ಮೈದಾನಕ್ಕೆ ಇಳಿದಿದ್ದ. ಅದು ಆಡಿದ ಹಾಗೋ, ಅಲ್ಲವೋ?

ಕೊನೆಯ ವಾರವೂ ಸೇರಿ ದಾಖಲೆ ಪ್ರಕಾರ 14. ನನ್ನ ಕ್ಯಾಲೆಂಡರ್ ಪ್ರಕಾರ 15.

ಒಂದು ವಾರ ವಾದ ಮಾಡಿದೆವು. ಬರೆದಿದ್ದು 'ಆಡಿದರೆ' ಅಂತ, 'ದಾಖಲೆಗೆ ಬಂದರೆ' ಅಂತ ಅಲ್ಲ ಅಂತ ನಾನು. ರದ್ದಾದ ಮ್ಯಾಚ್ ಮ್ಯಾಚೇ ಅಲ್ಲ ಗುರು ಅಂತ ಅವನು. ನಮ್ಮ ಲೀಗ್ ನಡೆಸುವ ಕಮಿಷನರ್ ತುಮಕೂರಿನವನು, ಪಾಪ, ವಾಟ್ಸ್ಯಾಪ್‌ನಲ್ಲಿ ಹಳೆಯ ಮೆಸೇಜ್ ಹುಡುಕುತ್ತಾ ಗಣೇಶನ ಫೋಟೋಗಳ ಮಧ್ಯೆ ಕಳೆದುಹೋಗಿದ್ದ. ಕೊನೆಗೆ ದಾರಿ ತೋರಿಸಿದ್ದು ಮಿಕ್ಸನ್ನೇ. ರದ್ದಾದ ಮ್ಯಾಚ್‌ನಿಂದಾಗಿ ಪ್ಲೇಆಫ್ ಎಲ್ಲಿ ಆಡಿಸಬೇಕು ಅನ್ನುವುದನ್ನು ಟಾಸ್‌ನಲ್ಲಿ ತೀರ್ಮಾನಿಸಬೇಕಾಗಿ ಬರಬಹುದು ಅಂತ ಲೀಗ್ ಹೇಳಿತ್ತು. ಆ ಸಿಟ್ಟಿಗೆ ಮಿಕ್ಸನ್ ರೇವನ್ಸ್ ಮೇಲೆ ಟಚ್‌ಡೌನ್ ಹೊಡೆದು, ಗ್ಲೌಸ್‌ನಿಂದ ನಾಣ್ಯ ತೆಗೆದು ಚಿಮ್ಮಿಸಿದ. ನಾವೂ ವಿಡಿಯೋ ಕಾಲ್‌ನಲ್ಲಿ ಒಂದು ಕ್ವಾರ್ಟರ್ ನಾಣ್ಯ ಚಿಮ್ಮಿಸಿದೆವು. ನಾನು ಸೋತೆ.

ಸೆಕೆಂಡ್‌ನಲ್ಲಿ ನಾನು ತೆಗೆದುಕೊಂಡಿದ್ದು ಜೋನಾಥನ್ ಮಿಂಗೋ. ಮೊದಲ ವರ್ಷ ಅವನದು ಒಂದೂ ಟಚ್‌ಡೌನ್ ಇಲ್ಲ. ಉಳಿಸಿಕೊಂಡ ಫಸ್ಟ್‌ನಲ್ಲಿ ಹಾಸನದವನು ತೆಗೆದುಕೊಂಡಿದ್ದು ಡೆವಾನ್ ಎಚಾನ್. ಆ ಸೆಪ್ಟೆಂಬರ್‌ನಲ್ಲಿ ಮಯಾಮಿ ಡೆನ್ವರ್‌ಗೆ 70-20 ಬಾರಿಸಿದ ದಿನ ಎಚಾನ್ ಒಬ್ಬನೇ 203 ಯಾರ್ಡ್ ಓಡಿ 4 ಟಚ್‌ಡೌನ್. ನಾನು ಟಿವಿ ಆರಿಸಿ ಪಾತ್ರೆ ತೊಳೆಯೋಕೆ ಹೋದೆ.

ಸಿಟ್ಟು ಇರುವುದು ಟಾಸ್ ಮೇಲಲ್ಲ. ಆ್ಯಪ್‌ನವರಿಗೆ ಎರಡು ಸಲ ಬರೆದೆ, ಒಂದು ಸಣ್ಣ ಚೌಕ ಕೊಡಿ, ಷರತ್ತು ಬರೆಯೋಕೆ, ಅಷ್ಟು ಸಾಕು, ಲೆಕ್ಕ ನಾವೇ ಹಾಕಿಕೊಳ್ಳುತ್ತೇವೆ ಅಂತ. ನಿಮ್ಮ ಸಲಹೆಗೆ ಧನ್ಯವಾದ ಅನ್ನುವ ಉತ್ತರ ಎರಡು ಸಲವೂ ಬಂತು, ಪದ ಪದವೂ ಅದೇ. ಮರುವರ್ಷ ಬೇರೆ ಇಬ್ಬರ ನಡುವೆ ಇನ್ನೂ ಕೆಟ್ಟದಾಯಿತು. ಒಬ್ಬ ಷರತ್ತಿನ ಮೇಲೆ ಇಟ್ಟ ಫಸ್ಟನ್ನೇ ಅಕ್ಟೋಬರ್‌ನಲ್ಲಿ ಮರೆತು ಮೂರನೆಯವನಿಗೆ ಮಾರಿಬಿಟ್ಟ. ಆ್ಯಪ್ ತಡೆಯಲಿಲ್ಲ, ತಡೆಯೋಕೆ ಅದಕ್ಕೆ ಗೊತ್ತೇ ಇಲ್ಲವಲ್ಲ. ಒಂದೇ ಸೈಟನ್ನು ಇಬ್ಬರಿಗೆ ಕ್ರಯ ಮಾಡಿದ ಕಥೆ. ದುಡ್ಡು ಕೊಟ್ಟು ಬಳಸುವ ವೆಬ್‌ಸೈಟ್‌ಗಳಿಗೆ ಹೋಗೋಣ ಅಂದರೆ, ಪಿಜ್ಜಾ ದುಡ್ಡು ಹಂಚಿಕೊಳ್ಳೋಕೆ ಮೂರು ವಾರ ತೆಗೆದುಕೊಳ್ಳುವ 12 ಜನ ನಾವು.

ಇನ್ನೊಂದು ದೋಷ ಇದೆ, ಅದು ಆ್ಯಪ್‌ದಲ್ಲ, ನನ್ನದು. 2023ರಲ್ಲಿ ಆರನ್ ರಾಜರ್ಸ್ ಜೆಟ್ಸ್‌ಗೆ ಬಂದಾಗ ಪ್ಯಾಕರ್ಸ್‌ಗೆ ಸಿಗಬೇಕಾಗಿದ್ದ 2024ರ ಪಿಕ್‌ಗೆ ಇಂಥದ್ದೇ ಷರತ್ತಿತ್ತು. 65% ಸ್ನ್ಯಾಪ್ (ಚೆಂಡು ಆಟಕ್ಕೆ ಬರುವ ಒಂದೊಂದು ಸಲ) ಆಡಿದರೆ ಫಸ್ಟ್, ಇಲ್ಲದಿದ್ದರೆ ಸೆಕೆಂಡ್. ಎಷ್ಟು ನೀಟು ನೋಡಿ, ಮ್ಯಾಚ್ ಅಂತ ಹೇಳಲೇ ಇಲ್ಲ, ಸ್ನ್ಯಾಪ್ ಲೆಕ್ಕ. ಸೆಪ್ಟೆಂಬರ್ 11ಕ್ಕೆ ನಾಲ್ಕನೇ ಸ್ನ್ಯಾಪ್‌ನಲ್ಲೇ ಅವನ ಹಿಮ್ಮಡಿಯ ಸ್ನಾಯುರಜ್ಜು ಕಿತ್ತುಹೋಯಿತು. ಅವನು ಮೈದಾನದ ಮೇಲೆ ಕೂತಿದ್ದಾನೆ, ನನ್ನ ಬಾಯಿಂದ ಮೊದಲು ಬಂದ ಮಾತು "ಹೋಯ್ತು, ಸೆಕೆಂಡೇ!" ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಿ, "ಅಲ್ಲ ಕಣ್ರೀ, ಮನುಷ್ಯ ಎದ್ದು ನಿಲ್ಲೋಕಾಗ್ತಿಲ್ಲ, ನೀವು ಪಿಕ್ ಲೆಕ್ಕ ಹಾಕ್ತಿದೀರಲ್ಲ" ಅಂದಳು. ಅದಕ್ಕೆ ಉತ್ತರ ಇರಲಿಲ್ಲ. ರಾಜರ್ಸ್ ನನ್ನ ತಂಡದಲ್ಲೂ ಇರಲಿಲ್ಲ.

ಇಷ್ಟಾದರೂ ಬಿಡಲಿಲ್ಲ ಯಾಕೆ ಅಂದರೆ, 2024ರ ಆಗಸ್ಟ್. ಕ್ರಿಶ್ಚಿಯನ್ ಮೆಕ್ಯಾಫ್ರಿಗೆ ಮೀನಖಂಡದ ನೋವು, ಪ್ರಾಕ್ಟೀಸ್‌ಗೆ ಬರುತ್ತಿಲ್ಲ ಅನ್ನುವ ಸುದ್ದಿ. ಅವನನ್ನು ಇಟ್ಟುಕೊಂಡಿದ್ದವನಿಗೆ ದಿಗಿಲು, ನನಗೆ ಆಸೆ. ಈ ಸಲ 10 ಮ್ಯಾಚ್ ಆಡಿದರೆ ಫಸ್ಟ್, ಇಲ್ಲದಿದ್ದರೆ ಸೆಕೆಂಡ್ ಅಂತ ನಾನು ಕೊಳ್ಳುವವನ ಕಡೆ ಇದ್ದೆ. ಸೆಪ್ಟೆಂಬರ್ 9ರ ಸಂಜೆ ಪಟ್ಟಿ ಬಂತು, ಮೆಕ್ಯಾಫ್ರಿ ಆಡುತ್ತಿಲ್ಲ. ಅವನ ಜಾಗದಲ್ಲಿ ಜೋರ್ಡನ್ ಮೇಸನ್ 147 ಯಾರ್ಡ್ ಓಡಿದ. ಇಡೀ ಸೀಸನ್‌ನಲ್ಲಿ ಮೆಕ್ಯಾಫ್ರಿ ಆಡಿದ್ದು 4 ಮ್ಯಾಚ್. ಪಾಯಿಂಟೂ ಇಲ್ಲ, ಆದರೆ ಫಸ್ಟೂ ಹೋಗಲಿಲ್ಲ. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಷರತ್ತು ಇಲ್ಲದಿದ್ದರೆ ಆ ಆಸೆಯಲ್ಲಿ ಎರಡು ಫಸ್ಟ್ ಕೊಟ್ಟುಬಿಡುತ್ತಿದ್ದೆ, ನನ್ನ ಬಗ್ಗೆ ನನಗೆ ಗೊತ್ತು.

ಹಾಗಾಗಿ ಕಂಡಿಷನಲ್ ಪಿಕ್‌ಗೆ 5ಕ್ಕೆ 4 ನಕ್ಷತ್ರ, ಆ್ಯಪ್‌ಗೆ 2. ಆ ಎರಡೂ ಡ್ರಾಫ್ಟ್ ಬೋರ್ಡ್ ಚೆನ್ನಾಗಿದೆ ಅನ್ನುವ ಕಾರಣಕ್ಕೆ.

ಈಗ ನಾವು ಷರತ್ತನ್ನು ಒಂದು ಗೂಗಲ್ ಶೀಟ್‌ನಲ್ಲಿ ಬರೆಯುತ್ತೇವೆ. ಲೆಕ್ಕ ಎಲ್ಲಿಂದ, ಯಾವ ದಿನಕ್ಕೆ ಮುಕ್ತಾಯ, ಮ್ಯಾಚ್ ರದ್ದಾದರೆ ಏನು, ಒಂದೇ ಸ್ನ್ಯಾಪ್ ಆಡಿ ಹೊರಗೆ ಬಂದರೆ ಏನು, ಷರತ್ತು ತೀರುವವರೆಗೆ ಎರಡೂ ಪಿಕ್ ಮಾರುವ ಹಾಗಿಲ್ಲ, ಮುಂದಿನ ವರ್ಷದ 60 ಡಾಲರ್ ಈಗಲೇ ಕಟ್ಟಬೇಕು. ಈ ಸಲದ ಟ್ರೇಡ್‌ಗೆ ನಾನು ಬರೆದಿದ್ದು 11 ಸಾಲು ಆಯಿತು. ಹಾಸನದವನು ಓದಿ, "ಗುರು, ಮನೆ ರಿಜಿಸ್ಟ್ರೇಷನ್‌ಗೂ ನಾನು ಇಷ್ಟು ಓದಿರಲಿಲ್ಲ" ಅಂದ. ಅರ್ಧ ಗಂಟೆ ಬಿಟ್ಟು 7ನೇ ಸಾಲಿಗೆ ಕೆಂಪು ಬಣ್ಣ ಹಚ್ಚಿ ವಾಪಸ್ ಕಳಿಸಿದ. ಅಲ್ಲಿ ಒಂದು 'ರೆ' ಬಿಟ್ಟುಹೋಗಿತ್ತು.